ರೈಲಿಗೂ ವಿಮಾನದ ನಂಬರು

ಕೊಡಗಿನಲ್ಲಿ ರೈಲಿಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಹಳಿ ಬರುತ್ತದೆ ಎಂಬ ಮಾತನ್ನು ಎಷ್ಟೋ ಚುನಾವಣೆಗಳಲ್ಲಿ ಕೇಳಿದ್ದೇವೆ, ಹಳಿಯನ್ನು ಇನ್ನೂ ನೋಡಿಲ್ಲ. ವಿದೇಶದ ವಿಮಾನ ಹತ್ತಬೇಕೆಂದರೂ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಮಂಗಳೂರಿಗೋ 2018ರಲ್ಲಿ ಶುರುವಾದ ಕಣ್ಣೂರಿಗೋ ಘಟ್ಟ ಇಳಿಯಬೇಕು. ಇಂಥ ಊರಿನಲ್ಲಿ ಕೂತು ರೈಲು, ವಿಮಾನ ಎರಡೂ ಸೇರಿದ ಟಿಕೆಟ್ಟಿನ ಪಂಚಾಯಿತಿ ಮಾಡಬೇಕಾಗಿ ಬಂತು. ಅದೂ ಜುಲೈ ಕೊನೆಯಲ್ಲಿ, ಶಾಂತಳ್ಳಿಯ ಮಳೆಯಲ್ಲಿ.

ಅಣ್ಣನ ಮಗಳು ಜರ್ಮನಿಯ ಕಲೋನಿನಲ್ಲಿ ಓದುತ್ತಾಳೆ. ಪರೀಕ್ಷೆ ಮುಗಿಸಿ ಆಗಸ್ಟ್ 3ರ ಹೊತ್ತಿಗೆ ಮನೆ ಸೇರಬೇಕೆಂದು ಅವಳಜ್ಜಿಯ ಆಜ್ಞೆ. ಅವತ್ತು ಮದ್ದುಸೊಪ್ಪಿನ ಪಾಯಸ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂದು ನಂಬುವವರು ನಾವು. ಟಿಕೆಟ್ಟಿನ ದಿನಾಂಕವನ್ನು ಆ ನೇರಳೆ ಪಾಯಸವೇ ಗೊತ್ತುಮಾಡಿತ್ತು. ಮೈಸೂರಿನ ಏಜೆಂಟರ ಹತ್ತಿರ ಟಿಕೆಟ್ ಮಾಡಿಸಿದ್ದೆವು. ಕಲೋನ್ ಮುಖ್ಯ ನಿಲ್ದಾಣದಿಂದ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ರೈಲು, ಅಲ್ಲಿಂದ ಬೆಂಗಳೂರಿಗೆ ವಿಮಾನ, ಅಕ್ಟೋಬರಿನಲ್ಲಿ ಅದೇ ದಾರಿಯಲ್ಲಿ ವಾಪಸು. ಎಲ್ಲಕ್ಕೂ ಸೇರಿ ಒಂದೇ ಪಿಎನ್‌ಆರ್.

ಹೊರಡುವ ವಾರದಲ್ಲಿ ಅವಳ ಫೋನ್ ಬಂತು.

“ಚಿಕ್ಕಪ್ಪಾ, ಹಿಂದಿನ ದಿನ ಸ್ಟುಟ್‌ಗಾರ್ಟಿನಲ್ಲಿ ಇಂಟರ್‌ವ್ಯೂ ಬಂದಿದೆ. ರಾತ್ರಿ ಅಲ್ಲೇ ಫ್ರೆಂಡ್ ಮನೇಲಿದ್ದು ಬೆಳಿಗ್ಗೆ ಸೀದಾ ಏರ್‌ಪೋರ್ಟಿಗೆ ಹೋಗ್ತೀನಿ. ಕಲೋನ್ ರೈಲು ಬಿಟ್ರಾಯ್ತು. ಅದ್ರ ದುಡ್ಡು ಹೋದ್ರೆ ಹೋಗ್ಲಿ.”

ಅಣ್ಣನಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. “ಮೈಸೂರಿಂದ ಟಿಕೆಟ್ ಮಾಡ್ಸಿ ಮಂಡ್ಯದಲ್ಲಿ ಹತ್ತೋದಿಲ್ವಾ? ಬೋರ್ಡಿಂಗ್ ಬದಲಾಯ್ಸು ಅಷ್ಟೆ” ಎಂದ. ನಮ್ಮ ರೈಲ್ವೆಯಲ್ಲಿ ಆ ಅನುಕೂಲ ಉಂಟು ನಿಜ, ಮೊದಲೇ ಹೇಳಿದರೆ ಸಾಕು. ಆದರೆ ಅಲ್ಲಿ ಹತ್ತುವುದು ಅದೇ ರೈಲನ್ನು, ಒಂದೆರಡು ನಿಲ್ದಾಣ ಮುಂದೆ. ಇಲ್ಲಿ ಹಾಗಲ್ಲ. ಫ್ರಾಂಕ್‌ಫರ್ಟಿಗೆ ಕಲೋನ್ ವಾಯವ್ಯಕ್ಕಿದ್ದರೆ ಸ್ಟುಟ್‌ಗಾರ್ಟ್ ದಕ್ಷಿಣಕ್ಕಿದೆ. ರೈಲೇ ಬೇರೆ.

ಯಾವುದಕ್ಕೂ ಇರಲಿ ಎಂದು ಏಜೆಂಟರಿಗೆ ಫೋನ್ ಮಾಡಿದೆ. ಆಕೆ ಗಾಬರಿಯಾದರು.

“ಬಿಡ್ಬೇಡಿ ಸಾರ್! ಮೊದಲನೇ ಸೆಕ್ಟರ್ ನೋ ಶೋ ಆದ್ರೆ ಉಳಿದಿದ್ದೆಲ್ಲ ಕ್ಯಾನ್ಸಲ್ ಆಗುತ್ತೆ. ಅಕ್ಟೋಬರ್ ರಿಟರ್ನೂ ಹೋಗುತ್ತೆ.” ಸೆಕ್ಟರ್ ಎಂದರೆ ಟಿಕೆಟ್ಟಿನಲ್ಲಿರುವ ಪ್ರಯಾಣದ ಒಂದೊಂದು ಹಂತ, ನೋ ಶೋ ಎಂದರೆ ಹೇಳದೆ ಅದಕ್ಕೆ ಹೋಗದೆ ಬಿಡುವುದು.

ಕಲೋನಿನಿಂದ ಫ್ರಾಂಕ್‌ಫರ್ಟಿಗೆ 2002ರಲ್ಲಿ ತೆರೆದ ಹೊಸ ಹಳಿಯ ಮೇಲೆ ಗಂಟೆಗೆ 300 ಕಿಲೋಮೀಟರ್ ವೇಗದ ರೈಲು ಓಡುತ್ತದೆ. ಸುಮಾರು ಒಂದು ಗಂಟೆಯ ದಾರಿ. ಅಷ್ಟು ಹತ್ತಿರಕ್ಕೆ ವಿಮಾನ ಹಾರಿಸುವ ಬದಲು ಕಂಪನಿಯವರು ರೈಲಿನಲ್ಲೇ ಸೀಟು ಹಿಡಿದು, ಅದಕ್ಕೊಂದು ವಿಮಾನದ ನಂಬರು ಕೊಟ್ಟುಬಿಡುತ್ತಾರೆ. ರೈಲು ನಿಲ್ದಾಣಗಳಿಗೂ ವಿಮಾನ ನಿಲ್ದಾಣಗಳಂತೆ ಮೂರಕ್ಷರದ ಸಂಕೇತಗಳಿವೆ: ಕಲೋನಿಗೆ ಕ್ಯುಕೆಎಲ್, ಸ್ಟುಟ್‌ಗಾರ್ಟಿಗೆ ಜಡ್‌ಡಬ್ಲ್ಯುಎಸ್. ಓಡುವುದೋ ಹಾರುವುದೋ ಕಂಪ್ಯೂಟರಿಗೆ ಬೇಕಿಲ್ಲ; ಟಿಕೆಟ್ಟಿನ ಕೂಪನ್ನುಗಳನ್ನು, ಅಂದರೆ ಒಂದೊಂದು ಸೆಕ್ಟರಿನ ಚೀಟಿಯನ್ನು, ಸಾಲಾಗಿ ಬಳಸಿದ್ದೀರಾ ಎಂದಷ್ಟೇ ಅದು ನೋಡುತ್ತದೆ. ಜರ್ಮನಿಯಲ್ಲೇ ಇನ್ನೊಂದು ಬಗೆಯೂ ಇದೆ, ವಿಮಾನದ ಟಿಕೆಟ್ಟಿನ ಜೊತೆ ‘ರೈಲ್ ಅಂಡ್ ಫ್ಲೈ’ ಎಂದು ಕೊಡುತ್ತಾರೆ. ಅದರಲ್ಲಿ ಇಂಥದೇ ರೈಲು ಎಂಬ ಕಟ್ಟು ಇರುವುದಿಲ್ಲ. ನಮ್ಮದು ಅದಲ್ಲ.

ಹಾಗಾದರೆ ರೈಲನ್ನೇ ತೆಗೆದು ಫ್ರಾಂಕ್‌ಫರ್ಟಿನಿಂದ ಶುರುಮಾಡಿ ಎಂದೆ. ಪ್ರಯಾಣ ಕಡಿಮೆಯಾದರೆ ಹಣವೂ ಕಡಿಮೆಯಾಗಬೇಕಲ್ಲ! ಆಕೆ ನೋಡಿ ಹೇಳಿದ ಮೊತ್ತ, ಕಲೋನ್ ರೈಲಿನ ಬದಲು ಸ್ಟುಟ್‌ಗಾರ್ಟ್ ರೈಲು ಸೇರಿಸಿದರೆ ಆಗುವುದಕ್ಕಿಂತ ಹೆಚ್ಚಿತ್ತು. ವಿಮಾನದವರು ದೂರ ಅಳೆದು ದರ ಹಾಕುವುದಿಲ್ಲ, ಊರು ನೋಡಿ ಹಾಕುತ್ತಾರೆ. ಕಲೋನಿನವರು ಬೇಕೆಂದರೆ ಡ್ಯೂಸೆಲ್‌ಡಾರ್ಫಿಗೋ ಬ್ರಸೆಲ್ಸಿಗೋ ಆಮ್‌ಸ್ಟರ್‌ಡ್ಯಾಮಿಗೋ ಹೋಗಿ ಬೇರೆ ವಿಮಾನ ಹತ್ತಿಯಾರು. ಅವರನ್ನು ಸೆಳೆಯಲು ದರ ಇಳಿಸಬೇಕು. ಫ್ರಾಂಕ್‌ಫರ್ಟಿನ ಬಾಗಿಲಲ್ಲೇ ಇರುವವರಿಗೆ ನೇರ ವಿಮಾನದ ಬೆಲೆ ಕಟ್ಟುತ್ತಾರೆ. ವ್ಯಾಪಾರ ಅರ್ಥವಾಯಿತು, ಹೊಟ್ಟೆಯುರಿ ಮಾತ್ರ ಕಡಿಮೆಯಾಗಲಿಲ್ಲ.

ಕೊನೆಗೆ ಸ್ಟುಟ್‌ಗಾರ್ಟ್ ರೈಲೇ ಗಟ್ಟಿಯಾಯಿತು. ಬದಲಿಸುವುದು ಒಂದು ಸೆಕ್ಟರ್ ಆದರೂ ಹೊರಡುವ ಊರೇ ಬದಲಾಗುವುದರಿಂದ ಇಡೀ ಟಿಕೆಟ್ಟಿಗೆ ಅಂದಿನ ದರದಲ್ಲಿ ಹೊಸ ಲೆಕ್ಕ. ಪೆನಾಲ್ಟಿ, ದರದ ವ್ಯತ್ಯಾಸ ಎಲ್ಲ ಸೇರಿ ಎರಡು ಚೀಲ ರೊಬಸ್ಟಾ ಕಾಫಿ ಚೆರ್ರಿಯಷ್ಟು ಹಣ. ಅಣ್ಣ ಹಾಗೆಯೇ ಲೆಕ್ಕ ಹಾಕಿದ, ಹಾಕಿ ನಿಟ್ಟುಸಿರುಬಿಟ್ಟ. ಅವನ ಇನ್ನೊಂದು ಪ್ರಶ್ನೆ, ಅಷ್ಟೊಂದು ಕೊಟ್ಟು ಒಂದೇ ಟಿಕೆಟ್ ಯಾಕೆ ಬೇಕು ಎಂಬುದು. ರೈಲು ತಡವಾಗಿ ವಿಮಾನ ತಪ್ಪಿದರೆ ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಕಂಪನಿಯದು, ಅದಕ್ಕೆ. ಬೇರೆ ಬೇರೆ ಟಿಕೆಟ್ ಮಾಡಿಸಿಕೊಂಡರೆ ರೈಲಿನವರು ವಿಮಾನದ ಕಡೆ, ವಿಮಾನದವರು ರೈಲಿನ ಕಡೆ ಕೈ ತೋರಿಸುತ್ತಾರೆ. ಒಬ್ಬಳೇ ಹುಡುಗಿ, ಎರಡು ದೊಡ್ಡ ಪೆಟ್ಟಿಗೆ. ನನ್ನ ಮಟ್ಟಿಗೆ ಆ ಹಣ ದಂಡವಲ್ಲ.

ದರ ಇರುವುದು ಆ ರಾತ್ರಿಯವರೆಗೆ ಮಾತ್ರ ಎಂದರು ಏಜೆಂಟರು. ಹಣ ಕಳಿಸೋಣವೆಂದರೆ ಮಧ್ಯಾಹ್ನವೇ ಹೋದ ಕರೆಂಟು ಬಂದಿರಲಿಲ್ಲ. ಟವರಿನ ಬ್ಯಾಟರಿಯೂ ಮುಗಿದಿತ್ತು. ಮಳೆಗಾಲದಲ್ಲಿ ಇದು ನಮಗೆ ಹೊಸದಲ್ಲ. ಸಿಗ್ನಲ್ ಬೇಕಾದವರು ಸೋಮವಾರಪೇಟೆ ರಸ್ತೆಯ ತಿರುವಿನವರೆಗೆ ಹೋಗುವುದು ರೂಢಿ. ಜೀಪು ತೆಗೆದೆವು. ಮುರಿದುಬಿದ್ದ ಸಿಲ್ವರ್ ಮರವೊಂದನ್ನು ಬದಿಗೆಳೆದು, ಕಾಲಿಗೆ ಹತ್ತಿದ ಜಿಗಣೆ ಕಿತ್ತೆಸೆದು ಆ ತಿರುವು ಮುಟ್ಟಿದಾಗ ಎರಡು ಕಡ್ಡಿ ಸಿಗ್ನಲ್ ಬಂತು. ಅಲ್ಲಿ ನಮಗಿಂತ ಮೊದಲೇ ಒಂದು ಬೈಕು, ಒಂದು ಪಿಕಪ್ಪು ನಿಂತಿದ್ದವು. ಎಲ್ಲರೂ ಕೊಡೆಯ ಕೆಳಗೆ ಫೋನ್ ಹಿಡಿದವರೇ.

ಓಟಿಪಿ ಬರಬೇಕು. ಅಣ್ಣ ಕಿಟಕಿಯಿಂದ ಕೈ ಹೊರಗಿಟ್ಟು ಫೋನ್ ಎತ್ತಿ ಹಿಡಿದ. ಮೊದಲ ಓಟಿಪಿ ಅವಧಿ ಮುಗಿದ ಮೇಲೆ ಬಂತು. ಎರಡನೆಯದು ಬಂದಾಗ ನೆನೆದ ಪರದೆ ಅವನ ಬೆರಳಿನ ಮಾತು ಕೇಳಲಿಲ್ಲ. ಅಂಗಿಯಂಚಿನಲ್ಲಿ ಒರೆಸಿ ನಾನೇ ಒತ್ತಿದೆ, ಹಣ ಹೋಯಿತು. ಸ್ವಲ್ಪ ಹೊತ್ತಿಗೆ ಹೊಸ ಟಿಕೆಟ್ ಬಂತು. ಕ್ಯುಕೆಎಲ್ ಇದ್ದಲ್ಲಿ ಜಡ್‌ಡಬ್ಲ್ಯುಎಸ್ ಇದೆಯೇ, ವಾಪಸಿನ ಸೆಕ್ಟರುಗಳು ಹಾಗೇ ಇವೆಯೇ, ಹೆಸರಿನ ಅಕ್ಷರ ಸರಿಯಿದೆಯೇ ಎಂದು ಜೀಪಿನ ದೀಪದಲ್ಲಿ ಓದಿ ಅವಳಿಗೆ ಕಳಿಸಿದೆ. ಅಲ್ಲಿನ್ನೂ ಸಂಜೆ, ನಮಗಿಂತ ಮೂರೂವರೆ ಗಂಟೆ ಹಿಂದೆ. “ಸೂಪರ್ ಚಿಕ್ಕಪ್ಪಾ” ಎಂದು ಒಂದು ಸಾಲು ಬಂತು.

ಪಾಯಸದ ಹೊತ್ತಿಗೆ ಸರಿಯಾಗಿ ಬಂದಳು. ಎರಡು ಸಲ ಹಾಕಿಸಿಕೊಂಡಳು.

ಈಗ ಇನ್ನೊಂದು ಸುದ್ದಿ. ಸ್ಟುಟ್‌ಗಾರ್ಟಿನವರು ಅವಳನ್ನು ಕೆಲಸಕ್ಕೆ ಕರೆದಿದ್ದಾರೆ. ಹಾಗಾಗಿ ಅಕ್ಟೋಬರಿನಲ್ಲಿ ಫ್ರಾಂಕ್‌ಫರ್ಟಿನಿಂದ ಕಲೋನಿಗೆ ಹೋಗುವ ಕೊನೆಯ ಸೆಕ್ಟರ್ ಬೇಡವಂತೆ. ಅದರ ಮುಂದೆ ರದ್ದಾಗಲು ಬೇರೆ ಕೂಪನ್ ಇಲ್ಲ, ಬಿಟ್ಟರೆ ನಡೆದೀತು ಎಂದು ನನ್ನ ಎಣಿಕೆ. ಹಾಗೆ ಬಿಡುವುದು ಕಂಪನಿಗಳಿಗೆ ಹಿಡಿಸುವುದಿಲ್ಲ ಎಂಬುದೂ ಗೊತ್ತು. ಏಜೆಂಟರ ನಂಬರನ್ನು ಅವಳ ಫೋನಿಗೆ ಹಾಕಿಕೊಟ್ಟಿದ್ದೇನೆ. ಈ ಸಲದ ಮಾತುಕತೆ ಅವಳೇ ಮಾಡಿಕೊಳ್ಳಲಿ.