ಹಳೇ ಗುಂಪಿಗೆ ನಾಲ್ಕು ಎಳೆ ಹೇಂಟೆ: 21 ದಿನದ ಲೆಕ್ಕ

ಹಿತ್ತಲಲ್ಲಿ ಮೊದಲಿಂದ ಇರುವುದು 6 ಗಿರಿರಾಜ ಹೇಂಟೆ, ಒಂದು ಹುಂಜ. ಹೊಸವು 16 ವಾರದ ನಾಲ್ಕು. ಮೂರು ವಾರ ದೂರ ಇಟ್ಟು, ಕೆಮ್ಮು, ಮೂಗು ಸುರಿಯುವುದು, ಹೇನು ಯಾವುದೂ ಇಲ್ಲ ಎಂದಾದ ಮೇಲೇ ತಂದದ್ದು. ಒಂದೇ ಕೋಳಿಯನ್ನು ಮಾತ್ರ ಎಂದೂ ಬಿಡಬಾರದು, ಕುಕ್ಕೆಲ್ಲ ಅದಕ್ಕೇ ಬೀಳುತ್ತದೆ.

ದಿನ 1–9: 12×10 ಅಡಿ ಜಾಗದ ಮೂಲೆಗೆ ಅರ್ಧ ಇಂಚಿನ ಜಾಲಿ ಕಟ್ಟಿ ಹೊಸವನ್ನು ಒಳಗೆ ಬಿಟ್ಟಾಯಿತು. ಮೇವಿನ ತಟ್ಟೆ ಜಾಲಿಯ ಎರಡೂ ಪಕ್ಕ. ಮೊದಲ ಮೂರು ದಿನ ಹಳೇವು ಕತ್ತಿನ ಪುಕ್ಕ ಕೆದರಿಕೊಂಡು ಜಾಲಿಗೆ ಹಾಯುತ್ತಿದ್ದವು. ಎಂಟನೇ ದಿನಕ್ಕೆ ಎರಡೂ ಕಡೆಯವು ಪಕ್ಕಪಕ್ಕ ನಿಂತು ತಿಂದವು.

ದಿನ 10: ಕತ್ತಲಾಗಲು ಒಂದು ಗಂಟೆ ಇರುವಾಗ ಜಾಲಿ ತೆಗೆದದ್ದು. ಆ ಹೊತ್ತಿಗೆ ಎಲ್ಲವಕ್ಕೂ ಕೂರುವ ಜಾಗದ ಚಿಂತೆ. ರಾತ್ರಿ ಸದ್ದಿಲ್ಲದೆ ಗೂಡಿಗೆ ಸೇರಿಸಿದರೆ ಜಗಳ ತಪ್ಪುವುದಿಲ್ಲ. ಬೆಳಗ್ಗೆ ಓಡಲು ಜಾಗವಿಲ್ಲದ ಗೂಡಿನೊಳಗೇ ಶುರುವಾಗುತ್ತದೆ. ಕೋಳಿಗೊಂದಕ್ಕೆ 20 ಸೆಂ.ಮೀ. ಲೆಕ್ಕದಲ್ಲಿ ನಾಲ್ಕಡಿಯ ಎರಡು ಬಿದಿರು, ಎರಡೂ ಒಂದೇ ಎತ್ತರಕ್ಕೆ. ಒಂದು ಮೇಲಿದ್ದರೆ ಅದಕ್ಕಾಗಿ ಪ್ರತಿ ಸಂಜೆ ಕಾದಾಟ.

ದಿನ 11–12: ಅಟ್ಟಾಡಿಸುವುದು ಜೋರು. ತಲೆಗೊಂದು ಕುಕ್ಕು ಕೊಟ್ಟು ಬಿಡುವುದಾದರೆ ನಡುವೆ ಹೋಗಬೇಡಿ, ಸ್ಥಾನ ತೀರ್ಮಾನವಾಗುವುದೇ ಹಾಗೆ. ಸೋತದ್ದಕ್ಕೆ ಓಡಿಹೋಗಲು ದಾರಿ ಬೇಕು, ಅಷ್ಟೆ. ಮೇವಿನ ತಟ್ಟೆ ಮೂರು ಮಾಡಿ, ಒಂದರಿಂದ ಇನ್ನೊಂದು ಕಾಣದಂತೆ ನಡುವೆ ಗೋಣಿಚೀಲ ಇಳಿಬಿಟ್ಟಾಯಿತು. ಸಿಕ್ಕಿಬೀಳುವಂಥ ಮೂಲೆಗಳಿಗೆ ಹಲಗೆ ಅಡ್ಡ.

ದಿನ 13: ಒಂದರ ಬಾಲದ ಬುಡದಲ್ಲಿ ಕಡಲೆಬೇಳೆಯಷ್ಟು ರಕ್ತ. ಕೆಂಪು ಕಂಡರೆ ಸಾಕು, ಸುಮ್ಮನಿದ್ದವೂ ಬಂದು ಕುಕ್ಕುತ್ತವೆ. ತಕ್ಷಣ ಜಾಲಿಯೊಳಗೆ ಹಾಕಿ, ಉಪ್ಪುನೀರಲ್ಲಿ ತೊಳೆದು, ಬೇವಿನೆಣ್ಣೆಗೆ ಅರಿಶಿನ ಕಲಸಿ ಕೆಂಪು ಮುಚ್ಚುವಂತೆ ಹಚ್ಚಿದ್ದು. ನೆಲದಲ್ಲಿ ಉದುರಿದ ಪುಕ್ಕ ಒಂದೂ ಇರಲಿಲ್ಲ; ತಿಂದುಬಿಟ್ಟಿದ್ದವು. ಪ್ರೋಟೀನ್ ಸಾಲದೆ ಹೋದಾಗ ಹೀಗಾಗುವುದುಂಟು. ಮೇವಿನಲ್ಲಿ ಅಕ್ಕಿನುಚ್ಚು ಹೆಚ್ಚಾಗಿತ್ತು. ನುಚ್ಚು ಬಿಟ್ಟು ಎಲ್ಲಕ್ಕೂ ಗ್ರೋವರ್ (ಬೆಳೆಯುವ ಕೋಳಿಯ) ಮೇವು, ಜೊತೆಗೆ ಉಪ್ಪು ಹಾಕದ ಒಣಮೀನಿನ ಪುಡಿ ಸ್ವಲ್ಪ. ಮೊಟ್ಟೆ ಇಡುವವಕ್ಕೆ ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ. ಲೇಯರ್ (ಮೊಟ್ಟೆ ಇಡುವ ಕೋಳಿಯ) ಮೇವಿನ ಕ್ಯಾಲ್ಸಿಯಂ ಎಳೆಯವುಗಳ ಮೂತ್ರಪಿಂಡಕ್ಕೆ ಹೊರೆ.

ದಿನ 14–17: ಕುಕ್ಕಿದ ಹಳೇ ಹೇಂಟೆಯನ್ನು ಮೂರು ದಿನ ಯಾವುದಕ್ಕೂ ಕಾಣದ ಕಡೆ ಇಟ್ಟು ವಾಪಸ್ ಬಿಟ್ಟಾಗ ಅದೇ ಹೊಸಬಳಂತೆ ಅಂಚಿನಲ್ಲಿ ನಿಂತಿತು. ಏಟು ತಿಂದದ್ದನ್ನು ಹೀಗೆ ದೂರ ಇಟ್ಟರೆ ತಪ್ಪು, ಅದರ ಸ್ಥಾನ ಇನ್ನೂ ಕೆಳಗಿಳಿಯುತ್ತದೆ. ಆದ್ದರಿಂದ ಅದು ಗಾಯ ಒಣಗುವವರೆಗೂ ಉಳಿದವಕ್ಕೆ ಕಾಣುವಂತೆ ಜಾಲಿಯೊಳಗೇ.

ದಿನ 18–21: ಕೋಳಿ ಕೂತ ಮೇಲೆ ಕತ್ತಿನ ಬುಡದ ಮೇವಿನ ಚೀಲ ಮುಟ್ಟಿ ನೋಡಬೇಕು. ತುಂಬಿ ಗಟ್ಟಿಯಾಗಿದ್ದರೆ ತಿಂದಿದೆ. ಚಪ್ಪಟೆಯಾಗಿದ್ದರೆ ಯಾರೋ ತಿನ್ನಲು ಬಿಡುತ್ತಿಲ್ಲ. 18ರಂದು ಎರಡು ಚಪ್ಪಟೆ, 21ರಂದು ಒಂದೂ ಇಲ್ಲ. ಒಂದು ಎಳೆಯದು ಮಾತ್ರ ಇನ್ನೂ ಮೊಟ್ಟೆ ಇಡುವ ಬುಟ್ಟಿಯಲ್ಲೇ ಮಲಗುತ್ತಿದೆ. ನಾಳೆಯಿಂದ ಸಂಜೆ ಐದಕ್ಕೆ ಬುಟ್ಟಿಗಳಿಗೆ ಹಲಗೆ ಮುಚ್ಚಿ, ಬೆಳಗ್ಗೆ ತೆಗೆಯುವುದು.