ಕವಡೆ ಹಾಕಿ ಮಾಡಿದ ಹೋಂವರ್ಕ್

ಶಿರಸಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಬಿಡುವುದಿಲ್ಲ. ಅವತ್ತು ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಎಂಟನೇ ಕ್ಲಾಸಿನ ಅಕ್ಕನ ಮಗಳಿಗೆ ಹೋಂವರ್ಕ್ ಮಾತ್ರ ಬೇಕಾದಷ್ಟಿತ್ತು. ಘಾತಾಂಕ, ಶೇಕಡಾ, ಸಂಭವನೀಯತೆ. "ಮೂರೂ ತಲೆಗೆ ಹತ್ತೂದಿಲ್ಲ" ಎನ್ನುತ್ತ ಪುಸ್ತಕ ತಂದು ನನ್ನ ಮುಂದಿಟ್ಟಳು.

ಎರಡರ ಘಾತ ಸೊನ್ನೆ ಎಂದರೆ ಒಂದು ಎಂದು ಬಾಯಿಪಾಠ ಮಾಡಿಕೊಂಡಿದ್ದಳು. ಎಂತಕ್ಕೆ ಒಂದು ಎಂದು ಕೇಳಿದರೆ, "ನಿಯಮ ಹಾಗೇ ಇದೆ." ಈ ಉತ್ತರ ಕೇಳಿದರೆ ನನಗೆ ಸಂಕಟವಾಗುತ್ತದೆ. ನಿಯಮ ಸುಮ್ನೆ ಆಕಾಶದಿಂದ ಬೀಳೂದಿಲ್ಲ, ಅಲ್ವಾ? ಘಾತ ನಾಲ್ಕರಿಂದ ಶುರುಮಾಡಿ 16, 8, 4, 2 ಎಂದು ಒಂದರ ಕೆಳಗೊಂದು ಬರೆಸಿದೆ. ಘಾತ ಒಂದು ಇಳಿದಾಗಲೆಲ್ಲ ಸಂಖ್ಯೆ ಅರ್ಧವಾಗುತ್ತಿದೆ. ಎರಡರ ಕೆಳಗೆ ಏನು ಬರಬೇಕು? "ಒಂದು" ಎಂದವಳು ನಾನು ಬಾಯಿ ಬಿಡುವ ಮೊದಲೇ ಅದರ ಕೆಳಗೆ ಅರ್ಧ, ಕಾಲು ಎಂದು ಬರೆದುಬಿಟ್ಟಳು. ಋಣ ಘಾತಾಂಕವನ್ನು ಬೇರೆಯಾಗಿ ಹೇಳಿಕೊಡುವ ಕೆಲಸವೇ ಉಳಿಯಲಿಲ್ಲ.

ಸಂಭವನೀಯತೆಗೆ ಪುಸ್ತಕದಲ್ಲಿ ನಾಣ್ಯ, ದಾಳ ಇದ್ದವು. ನಾನು ಚೌಕಾಬಾರದ ಕವಡೆ ತೆಗೆದೆ. ನಮ್ಮ ಮನೆಯ ಆಟದಲ್ಲಿ ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಎಂಟು. ಎರಡೂ ಬೀಳುವುದು ಅಪರೂಪ. ಯಾಕೆ? ಒಂದು ಕವಡೆ ಬೀಳಲು ಎರಡು ದಾರಿ. ನಾಲ್ಕು ಕವಡೆಗೆ ಎರಡರ ಘಾತ ನಾಲ್ಕು, ಅಂದರೆ 16. "ಓ, ಅದೇ ಇಲ್ಲಿ ಬಂತಾ!" ಎಂದು ಎದ್ದು ಕೂತಳು.

ಅಂಗಾತಕ್ಕೆ ಅ, ಕವುಚಿದ್ದಕ್ಕೆ ಕ. ಅಕಕಕ, ಕಅಕಕ ಎಂದು 16 ಸಾಲೂ ಬರೆದಳು. ಒಂದು ಬೀಳಲು 4 ದಾರಿ, ಎರಡಕ್ಕೆ 6, ಮೂರಕ್ಕೆ 4. ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ. ಶೇಕಡಾದಲ್ಲಿ ಹೇಳು ಎಂದೆ. 6ನ್ನು 16ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 37.5. ಒಂದಕ್ಕೆ 25, ಮೂರಕ್ಕೂ 25. ನಾಲ್ಕು, ಎಂಟಕ್ಕೆ 6.25ರಂತೆ. ಎಲ್ಲ ಕೂಡಿಸಿ ಸರಿಯಾಗಿ ನೂರು ಬಂದಾಗ ಅವಳ ಮುಖ ನೋಡಬೇಕಿತ್ತು.

ಆಮೇಲೆ ಅವಳೇ ಒಂದು ತಕರಾರು ತೆಗೆದಳು. ಕವಡೆಯ ಒಂದು ಮೈ ಉಬ್ಬು, ಇನ್ನೊಂದು ಚಪ್ಪಟೆ. ಎರಡೂ ಕಡೆ ಸಮ ಬೀಳುತ್ತದೆ ಅಂತ ಹೇಗೆ ಹೇಳೂದು? ಪಾಠದ ಜೀವಾಳವೇ ಈ ಪ್ರಶ್ನೆ. ನಾವು ಮಾಡಿದ ಲೆಕ್ಕ ಎರಡೂ ಮಗ್ಗುಲು ಸಮ ಎಂದುಕೊಂಡಾಗ ಮಾತ್ರ ಸರಿ. ನಿಜ ತಿಳಿಯಬೇಕಿದ್ದರೆ ಹಾಕಿ ನೋಡಿ ಎಣಿಸಬೇಕು. ಜಗಲಿಯಲ್ಲಿ ಕೂತು ಒಂದೇ ಕವಡೆಯನ್ನು ತುಂಬ ಹೊತ್ತು ಹಾಕಿದೆವು. ಅವಳು ಗೆರೆ ಎಳೆಯುತ್ತ ಹೋದಳು. ಒಂದು ಮಗ್ಗುಲಿನ ಗೆರೆಗಳೇ ಜಾಸ್ತಿಯಾದವು. ಅದನ್ನೂ ಹೋಂವರ್ಕ್ ಪುಸ್ತಕದಲ್ಲೇ ಬರೆ ಎಂದೆ.

ಅಪ್ಪ ಪಕ್ಕದಲ್ಲೇ ಅಡಿಕೆ ಸುಲಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಕ್ವಿಂಟಲ್‌ಗೆ 50,000 ಇದ್ದ ರೇಟು ಶೇ 20 ಇಳಿದು, ಮತ್ತೆ ಶೇ 20 ಏರಿದರೆ ಮೊದಲಿನಷ್ಟೇ ಆಯ್ತಲ್ಲ?" ಎಂದು ಪರೀಕ್ಷೆ ಮಾಡಿದರು. ಅವಳು ಪೆನ್ಸಿಲ್ ಹಿಡಿದಳು. ಇಳಿದು 40,000. ಏರುವಾಗ ಶೇ 20 ಅಂದರೆ ಈ 40,000ದ್ದು, 8,000. ಸಿಗುವುದು 48,000. "ಇಲ್ಲ ಅಜ್ಜ, 2,000 ಕಡಿಮೆ."

"ಹಾಗಾದ್ರೆ ಎಷ್ಟು ಏರಬೇಕು?"

10,000ವನ್ನು 40,000ದಿಂದ ಭಾಗಿಸಿ, "ಶೇ 25" ಎಂದಳು.