ಬಿಟ್ಟ ದಾರಿ, ಬಳಸು ದಾರಿ

ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಕ್ಯಾಲಿಫೋರ್ನಿಯಾ, ಓರೆಗಾನ್, ವಾಷಿಂಗ್ಟನ್ ರಾಜ್ಯಗಳ ಬೆಟ್ಟಸಾಲುಗಳ ಮೇಲೆ ಸಾಗುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಕಾಲುದಾರಿಯ ಉದ್ದ 2,650 ಮೈಲಿ, ಅಂದರೆ ಸುಮಾರು 4,260 ಕಿಲೋಮೀಟರ್. ಪೋರ್ಟ್‌ಲ್ಯಾಂಡಿನಲ್ಲಿ ನೆಲೆಸಿದಂದಿನಿಂದ ಇದರ ಓರೆಗಾನ್ ಭಾಗವನ್ನು ರಜೆ ಸಿಕ್ಕಾಗಲೆಲ್ಲ ತುಂಡುತುಂಡಾಗಿ ನಡೆಯುತ್ತ ಬಂದಿದ್ದೇನೆ. ಪೂರ್ತಿ ನಡೆಯಲು ಹೊರಟವರಲ್ಲಿಯೂ ಅನೇಕರು ನಡುವೆ ಒಂದಷ್ಟು ದೂರವನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ, ಇಲ್ಲವೆ ಬೇರೆ ದಾರಿ ಹಿಡಿಯುತ್ತಾರೆ.

ಗಂಗಾವತಿಯಲ್ಲಿರುವ ನಮ್ಮ ದೊಡ್ಡಪ್ಪನವರು ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು. ಫೋನಿನಲ್ಲಿ ಈ ಸಂಗತಿ ಕೇಳಿ, “ನಡುವ ಕಾರ್ ಹತ್ತಿ ಮುಂದ ಹೋದ್ರ ಅದೆಂಥಾ ನಡಗಿಯೋ ತಮ್ಮಾ?” ಎಂದರು. ಅವರ ಮಾತು ನ್ಯಾಯವಾದುದೇ, ಏಕೆಂದರೆ ಮಲ್ಲಯ್ಯನಿಗೆ ಹರಕೆ ಹೊತ್ತವರಿಗೆ ದಾರಿಯನ್ನು ಕಡಿಮೆ ಮಾಡಿಕೊಳ್ಳುವ ಅಧಿಕಾರವಿಲ್ಲ. ಆದರೆ ಅವರೂ ಆತ್ಮಕೂರು ದಾಟಿದ ಮೇಲೆ ದೋರ್ನಾಲದ ಡಾಂಬರು ರಸ್ತೆಯನ್ನು ಬಿಟ್ಟು ವೆಂಕಟಾಪುರದ ಬಳಿ ನಲ್ಲಮಲ ಕಾಡಿನೊಳಗೆ ಇಳಿಯುವವರೇ. ಇಲ್ಲಿನ ನಡಿಗೆಗೆ ಹರಕೆಯೂ ಇಲ್ಲ; ನಿಯಮವನ್ನು ನಡೆಯುವವರೇ ಹಾಕಿಕೊಳ್ಳಬೇಕು.

ದಾರಿ ಬಿಡುವುದಕ್ಕೆ ಮೊದಲ ಕಾರಣ ಹಿಮ. ಚಳಿಗಾಲದೊಳಗೆ ಕೆನಡಾ ತಲುಪಬೇಕೆಂದು ಏಪ್ರಿಲ್ ಹೊತ್ತಿಗೆ ದಕ್ಷಿಣದ ಮರುಭೂಮಿಯಿಂದ ಹೊರಟವರು ಸಿಯೆರಾ ನೆವಾಡಾ ಪರ್ವತಗಳನ್ನು ಮುಟ್ಟುವಾಗ, 2017 ಮತ್ತು 2023ರಂತಹ ವರ್ಷಗಳಲ್ಲಿ ಕಣಿವೆಗಳು ಹಿಮದಲ್ಲಿ ಹೂತಿರುತ್ತವೆ, ಹಳ್ಳಗಳು ಕರಗಿದ ನೀರಿನಿಂದ ಉಕ್ಕುತ್ತಿರುತ್ತವೆ. ಹಗಲೆಲ್ಲ ಕರಗಿದ ಹಿಮ ಇಳಿದು ಬರುವುದರಿಂದ ಸಂಜೆ ಸೊಂಟಕ್ಕೆ ಬರುವ ಹಳ್ಳ ಮರುದಿನ ನಸುಕಿನಲ್ಲಿ ಎಷ್ಟೋ ತಗ್ಗಿರುತ್ತದೆ. ಬಲ್ಲವರು ದಡದಲ್ಲೇ ಮಲಗಿ ಬೆಳಗಾಗುವುದನ್ನು ಕಾಯುತ್ತಾರೆ. ಅದೂ ಸಾಧ್ಯವಿಲ್ಲದಾಗ ವಾಹನ ಹಿಡಿದು ಉತ್ತರಕ್ಕೆ ಹೋಗಿ, ಅಲ್ಲಿ ನಡೆದು, ಬೇಸಿಗೆಯ ಕೊನೆಗೆ ಬಿಟ್ಟ ಭಾಗಕ್ಕೆ ಮರಳುತ್ತಾರೆ. ಇದಕ್ಕೆ ಫ್ಲಿಪ್-ಫ್ಲಾಪ್ ಎನ್ನುತ್ತಾರೆ. ತೊಡಕೆಂದರೆ, ಹಿಮ ಕರಗಲೆಂದು ಕಾದವರಿಗೆ ಕಾಡ್ಗಿಚ್ಚಿನ ಕಾಲ ಎದುರಾಗುತ್ತದೆ: 2021ರ ಡಿಕ್ಸಿ ಬೆಂಕಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಈ ದಾರಿಯನ್ನೇ ದಾಟಿ ಹೋಯಿತು.

ಬಳಸು ದಾರಿಯ ಮಾತು ಬೇರೆ. ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಕುದುರೆಗಳೂ ನಡೆಯಬೇಕಾದ ದಾರಿಯಾದುದರಿಂದ, ಓರೆಗಾನ್‌ನ ಕ್ರೇಟರ್ ಲೇಕ್ ಬಳಿ ಅಧಿಕೃತ ದಾರಿಯು 594 ಮೀಟರ್ ಆಳದ ಆ ನೀಲಿ ಸರೋವರವನ್ನು ತೋರಿಸದೆ ಕೆಳಗಿನ ಕಾಡಿನಲ್ಲೇ ಹೋಗಿಬಿಡುತ್ತದೆ. ಹೆಚ್ಚಿನವರು ಅದನ್ನು ಬಿಟ್ಟು ಸರೋವರದ ಅಂಚಿನ ದಾರಿ ಹಿಡಿಯುತ್ತಾರೆ, ಹಿಡಿಯದವರ ಹಟ ನನಗಂತೂ ಅರ್ಥವಾಗಿಲ್ಲ. ಕೊಲಂಬಿಯಾ ನದಿಗೆ ಇಳಿಯುವಾಗ ಸಿಗುವ ಈಗಲ್ ಕ್ರೀಕ್ ದಾರಿಯೂ ಹಾಗೆಯೇ. 1910ರ ದಶಕದಲ್ಲಿ ಕಪ್ಪು ಬಸಾಲ್ಟ್ ಬಂಡೆಗೆ ಸಿಡಿಮದ್ದಿಟ್ಟು ಕೊರೆದ ಈ ದಾರಿಯಲ್ಲಿ ಒಂದು ಪಕ್ಕಕ್ಕೆ ಗೋಡೆ, ಇನ್ನೊಂದಕ್ಕೆ ಪ್ರಪಾತ. ಹಿಡಿದುಕೊಳ್ಳಲು ಬಂಡೆಗೆ ಬಿಗಿದ ಉಕ್ಕಿನ ಹಗ್ಗ ಮಾತ್ರ. ಟನೆಲ್ ಫಾಲ್ಸ್ ಎಂಬಲ್ಲಿ ದಾರಿಯು ಜಲಪಾತದ ಹಿಂದಿನ ಸುರಂಗದೊಳಗೆ ನುಗ್ಗುತ್ತದೆ, ಆಚೆ ಬರುವಷ್ಟರಲ್ಲಿ ಕನ್ನಡಕ ಒರೆಸಿಕೊಳ್ಳದೆ ಮುಂದಿನ ಹೆಜ್ಜೆ ಕಾಣುವುದಿಲ್ಲ. 2017ರ ಸೆಪ್ಟೆಂಬರಿನಲ್ಲಿ ಹುಡುಗನೊಬ್ಬ ಎಸೆದ ಪಟಾಕಿಯಿಂದ ಹತ್ತಿದ ಬೆಂಕಿಯ ನಂತರ ಈ ದಾರಿ ವರ್ಷಗಟ್ಟಲೆ ಮುಚ್ಚಿತ್ತು.

ಅಮೆರಿಕದ ಪೂರ್ವ ಭಾಗದ ಇಂಥದೇ ಉದ್ದನೆಯ ಕಾಲುದಾರಿ ಅಪ್ಪಲಾಚಿಯನ್ ಟ್ರೇಲಿನಲ್ಲಿ, ಯಾವುದು ಪೂರ್ತಿ ನಡಿಗೆ ಎಂಬ ಈ ವಾದ ಇನ್ನೂ ಬಿಗಿ. ಅಲ್ಲಿ ಮುಖ್ಯ ದಾರಿಯ ಮರಗಳಿಗೆ ಬಿಳಿ ಪಟ್ಟಿ, ಪಕ್ಕದ ದಾರಿಗಳಿಗೆ ನೀಲಿ. ಪೂರ್ತಿ ನಡೆದವರಿಗೆ ಮನ್ನಣೆ ಕೊಡುವ ಅಲ್ಲಿನ ಕನ್ಸರ್ವೆನ್ಸಿ ಎಂಬ ಸಂಸ್ಥೆಯು ಯಾವ ಕ್ರಮದಲ್ಲಿ, ಯಾವ ದಿಕ್ಕಿನಲ್ಲಿ ನಡೆದರೆಂದು ಕೇಳುವುದಿಲ್ಲ, ಆದರೆ ಪ್ರವಾಹ, ಕಾಡ್ಗಿಚ್ಚಿನಂತಹ ಆಪತ್ತಿನಲ್ಲಷ್ಟೇ ನೀಲಿ ದಾರಿಯನ್ನು ಬಿಳಿಯ ಬದಲಿಗೆ ಒಪ್ಪುತ್ತದೆ. ಪರೀಕ್ಷಿಸುವವರಿಲ್ಲ, ನಡೆದವರು ಹೇಳಿದ್ದೇ ಪ್ರಮಾಣ. ಬೇಸರವೆಂದು ಬಿಟ್ಟವರ ಮೇಲೆ ನನಗೆ ಆಕ್ಷೇಪವಿಲ್ಲ. ಬಿಟ್ಟುದನ್ನು ನಡೆದೆವೆಂದು ಬರೆಸಿಕೊಳ್ಳುವವರ ಮೇಲಿದೆ.

ನಮ್ಮ ಕೊಪ್ಪಳ, ರಾಯಚೂರಿನ ಕಡೆಯಿಂದ ಮಕ್ಕಳ ಮನೆಗೆಂದು ಬರುವವರು ಒಂದೆರಡು ದಿನ ನಡೆಯುವುದಾದರೆ ಕ್ರೇಟರ್ ಲೇಕ್ ಅಂಚನ್ನೇ ಆರಿಸಿಕೊಳ್ಳಲಿ. ಜುಲೈ ಮೊದಲಲ್ಲೂ ಅಲ್ಲಿ ಹಿಮ ಉಳಿದಿರಬಹುದಾದ್ದರಿಂದ ಆ ತಿಂಗಳ ಉತ್ತರಾರ್ಧದ ನಂತರ ಬರುವುದು ಒಳ್ಳೆಯದು. ಹೊರಡುವ ಹಿಂದಿನ ದಿನ ಬೆಂಕಿಯ ಕಾರಣ ಮುಚ್ಚಿದ ಭಾಗಗಳನ್ನು ನೋಡಿಕೊಳ್ಳಬೇಕು. ಮುಚ್ಚಿದ ಕಾಡಿಗೆ ಕಾಲಿಟ್ಟರೆ ದಂಡ ಬೀಳುತ್ತದೆ.